ಬಂದಾರ, ಬಂದಾರಾ, ಬಂದಾರು

ಒಂದು ಸಂಜೆ ದೇವದುರ್ಗದಿಂದ ನನ್ನ ಮೊಬೈಲಿಗೆ ಎರಡು ಪದಗಳ ಸಂದೇಶವೊಂದು ಬಂತು. ‘ಸಾಹೇಬ್ರು ಬಂದಾರ’. ಕಳಿಸಿದವರು ಅಲ್ಲಿನ ಅರೆಕಾಲಿಕ ವರದಿಗಾರರು. ಕಾಲುವೆ ನೀರಿಗಾಗಿ ರೈತರು ಅಂದು ಧರಣಿ ಕುಳಿತಿದ್ದರು. ಹಿರಿಯ ಅಧಿಕಾರಿಯೊಬ್ಬರು ಸ್ಥಳಕ್ಕೆ ಬಂದು ಮಾತನಾಡಿಸದ ಹೊರತು ಏಳುವುದಿಲ್ಲ ಎಂಬುದು ಅವರ ಪಟ್ಟು. ಸರಿ, ಸಾಹೇಬರು ಬಂದರು ಎಂದುಕೊಂಡು ನಾನು ‘ಅಧಿಕಾರಿ ಭೇಟಿ, ರೈತರೊಂದಿಗೆ ಮಾತುಕತೆ’ ಎಂದು ಸುದ್ದಿಯ ಮೊದಲ ಸಾಲು ಬರೆದೂ ಬಿಟ್ಟೆ. ಪಕ್ಕದಲ್ಲಿದ್ದ ಮೈಸೂರು ಕಡೆಯ ಸಹೋದ್ಯೋಗಿ ಸಂದೇಶವನ್ನು ಇಣುಕಿ ನೋಡಿ, ‘ಬಂದಾರು ಅಂತ ತಾನೇ ಬರೆದಿರೋದು? ಬರಬಹುದು ಅಂತ. ಇನ್ನೂ ಬಂದಿಲ್ಲವಲ್ಲ’ ಎಂದರು. ಅನುಮಾನ ಬಂದು ದೇವದುರ್ಗಕ್ಕೆ ಫೋನ್ ಹಚ್ಚಿದೆ. ‘ಅಲ್ರೀ, ನಾ ಹೇಳಿದ್ದಲ್ಲ, ನಿಮ್ಮನ್ನ ಕೇಳಿದ್ದು. ಸಾಹೇಬ್ರು ಬೆಂಗಳೂರಿಂದ ರಾಯಚೂರಿಗೆ ಬಂದಾರಾ?’ ಎಂದರು ಅವರು.

ಒಂದೇ ಪದ, ಮೂರು ಅರ್ಥ. ಬಂದಿದ್ದಾರೆ, ಬಂದಿದ್ದಾರೆಯೇ, ಬರಬಹುದು. ಮೂವರೂ ಕನ್ನಡಿಗರೇ. ಯಾರ ಕನ್ನಡವೂ ತಪ್ಪಲ್ಲ. ಫೋನಿನಲ್ಲಿ ಅರೆಗಳಿಗೆಯಲ್ಲಿ ತಿಳಿದ ಸಂಗತಿ ಅಕ್ಷರದಲ್ಲಿ ಏಕೆ ತಿಳಿಯಲಿಲ್ಲ? ಅಕ್ಷರಕ್ಕೆ ಇಳಿಯುವಾಗ ಆ ಮಾತಿನಿಂದ ಉದುರಿಹೋದದ್ದು ಏನು?

ಈ ಪ್ರಶ್ನೆಗೆ ಉತ್ತರ ಹುಡುಕಲು ಸ್ವಲ್ಪ ದೂರ ಹೋಗಿ ಬರುವುದು ಒಳ್ಳೆಯದು. ಪಶ್ಚಿಮ ಆಫ್ರಿಕದ ನೈಜೀರಿಯಾದ ದಕ್ಷಿಣ ಭಾಗದಲ್ಲಿ ಬೆನಿನ್ ಎಂಬ ನಗರವಿದೆ. ಹಿತ್ತಾಳೆ, ಕಂಚಿನ ಎರಕದ ಅಪೂರ್ವ ಶಿಲ್ಪಗಳಿಗೆ ಹೆಸರಾದ ಹಳೆಯ ರಾಜಧಾನಿ. 1897ರಲ್ಲಿ ಬ್ರಿಟಿಷ್ ಸೇನೆ ಅರಮನೆಯನ್ನು ಲೂಟಿ ಮಾಡಿದ ಮೇಲೆ ಆ ಶಿಲ್ಪಗಳು ಯೂರೋಪಿನ ವಸ್ತುಸಂಗ್ರಹಾಲಯಗಳ ಪಾಲಾದ ಕಥೆಯನ್ನು ಕೆಲವರು ಓದಿರಬಹುದು. ಆ ನಗರದ ಜನರ ಮಾತು ಎಡೊ. ಬಿನಿ ಎಂಬ ಹೆಸರೂ ಅದಕ್ಕಿದೆ. ಆ ಭಾಷೆಯಲ್ಲಿ ‘ಇ ಮ’ ಎಂಬ ಎರಡಕ್ಷರದ ವಾಕ್ಯವೊಂದನ್ನು ಧ್ವನಿಶಾಸ್ತ್ರದ ಪಾಠಗಳಲ್ಲಿ ಮತ್ತೆ ಮತ್ತೆ ಉದಾಹರಿಸುತ್ತಾರೆ. ‘ಇ’ ಎಂದರೆ ನಾನು, ‘ಮ’ ಎಂದರೆ ತೋರಿಸು. ಎರಡನ್ನೂ ತಗ್ಗಿದ ದನಿಯಲ್ಲಿ ಹೇಳಿದರೆ ‘ನಾನು ತೋರಿಸುತ್ತೇನೆ’ ಎಂಬ ರೂಢಿಯ ಮಾತು. ಮೊದಲನೆಯದನ್ನು ಏರಿಸಿ ಎರಡನೆಯದನ್ನು ತಗ್ಗಿಸಿದರೆ ‘ತೋರಿಸುತ್ತಿದ್ದೇನೆ’. ಮೊದಲನೆಯದನ್ನು ತಗ್ಗಿಸಿ ಎರಡನೆಯದನ್ನು ಏರಿಸಿದರೆ ‘ತೋರಿಸಿದೆ’, ಕೆಲಸ ಮುಗಿಯಿತು. ನಾವು ‘ಉತ್ತ’, ‘ದ’, ‘ವ’ ಎಂದು ಪ್ರತ್ಯಯ ಹಚ್ಚಿ ಹೇಳುವ ಕಾಲಭೇದವನ್ನು ಅವರು ಗಂಟಲಿನ ಏರಿಳಿತದಲ್ಲೇ ಮುಗಿಸುತ್ತಾರೆ. ಅಕ್ಷರದಲ್ಲಿ ಬರೆದರೆ ಮೂರೂ ಒಂದೇ. ಎಡೊ ಭಾಷೆಯನ್ನು ಇಂದು ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ದಿನನಿತ್ಯದ ಬರಹದಲ್ಲಿ ಏರಿಳಿತದ ಗುರುತು ಹಾಕುವ ರೂಢಿ ಇಲ್ಲ. ನಿಘಂಟಿನಲ್ಲಿ ಮಾತ್ರ ಗುರುತಿಲ್ಲದೆ ಗತಿಯಿಲ್ಲ. ಹಾನ್ಸ್ ಮೆಲ್ಜಿಯಾನ್ ಎಂಬ ವಿದ್ವಾಂಸ 1937ರಲ್ಲಿ ಪ್ರಕಟಿಸಿದ ಬಿನಿ ನಿಘಂಟಿನಲ್ಲಿ ಪದಗಳ ಜೊತೆಗೇ ದನಿಯ ಮಟ್ಟವನ್ನೂ ಸೂಚಿಸಲಾಗಿದೆ.

ಎಡೊ ಒಂದೇ ಹೀಗಲ್ಲ. ನೆರೆಯ ಯೊರುಬಾ ಭಾಷೆಯಲ್ಲಿ ‘ಒಕೊ’ ಎಂಬ ಪದಕ್ಕೆ ದನಿಯ ಮಟ್ಟ ಬದಲಾದಂತೆ ಗಂಡ, ಗುದ್ದಲಿ, ವಾಹನ, ಈಟಿ ಎಂಬ ಅರ್ಥಗಳು ಬರುತ್ತವೆ. ಚೀನೀ ಭಾಷೆಯ ‘ಮಾ’ ತಾಯಿಯೂ ಹೌದು, ಸೆಣಬೂ ಹೌದು, ಕುದುರೆಯೂ ಹೌದು, ಬೈಗುಳವೂ ಹೌದು. ಅಷ್ಟು ದೂರವೇಕೆ, ನಮ್ಮ ಪಂಜಾಬಿನಲ್ಲೇ ಇದರ ಉದಾಹರಣೆ ಇದೆ. ಪಂಜಾಬಿಯಲ್ಲಿ ಕುದುರೆ, ಚಾಟಿ, ಕುಷ್ಠರೋಗಿ ಎಂಬ ಮೂರು ಅರ್ಥಗಳ ಪದಗಳು ಹೊರಗಿನವನ ಕಿವಿಗೆ ‘ಕೋಡಾ’ ಎಂದೇ ಕೇಳುತ್ತವೆ. ತಗ್ಗಿದ ದನಿಯಲ್ಲಿ ಕುದುರೆ, ಸಮದನಿಯಲ್ಲಿ ಚಾಟಿ, ಏರುದನಿಯಲ್ಲಿ ರೋಗಿ. ಹಿಂದೆ ಅಲ್ಲಿ ‘ಘೋ’ ಎಂಬ ಮಹಾಪ್ರಾಣವಿತ್ತು. ಅದು ಸವೆದುಹೋದಾಗ ತನ್ನ ನೆನಪಿಗೆ ದನಿಯ ತಗ್ಗೊಂದನ್ನು ಬಿಟ್ಟುಹೋಯಿತು. ಈ ಮಾತನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಸವೆದುಹೋದ ಧ್ವನಿ ಪಕ್ಕದ ಧ್ವನಿಯಲ್ಲಿ ಗುರುತು ಬಿಟ್ಟುಹೋಗುವ ಇಂಥದೇ ಸಂಗತಿ ರಾಯಚೂರಿನ ಮಾತಿನಲ್ಲೂ ಇದೆ.

ವೇದದ ಸಂಸ್ಕೃತಕ್ಕೂ ಉದಾತ್ತ, ಅನುದಾತ್ತಗಳ ಕಟ್ಟುಪಾಡಿತ್ತು. ತ್ವಷ್ಟೃವಿನ ಕಥೆ ಹಳಬರಿಗೆ ಗೊತ್ತು. ಮಗನನ್ನು ಕೊಂದ ಇಂದ್ರನ ಮೇಲೆ ಸೇಡು ತೀರಿಸಿಕೊಳ್ಳಲು ಅವನು ಯಜ್ಞ ಮಾಡಿ ‘ಇಂದ್ರಶತ್ರು ಬೆಳೆಯಲಿ’ ಎಂದು ಆಹುತಿ ಕೊಟ್ಟ. ಕೊನೆಯ ಅಕ್ಷರ ಏರಿಸಿದ್ದರೆ ‘ಇಂದ್ರನನ್ನು ಕೊಲ್ಲುವವನು’ ಎಂದಾಗುತ್ತಿತ್ತು. ಬಾಯಿತಪ್ಪಿ ಮೊದಲಕ್ಷರ ಏರಿತು. ‘ಇಂದ್ರನೇ ಯಾರಿಗೆ ಕೊಲೆಗಾರನೋ ಅವನು’ ಎಂದಾಯಿತು. ಯಜ್ಞದಿಂದ ಎದ್ದುಬಂದ ವೃತ್ರ ಇಂದ್ರನ ಕೈಯಲ್ಲೇ ಸತ್ತ. ವ್ಯಾಕರಣ ಕಲಿಯದಿದ್ದರೆ ಏನಾದೀತು ಎಂದು ಹೆದರಿಸಲು ಗುರುಗಳು ಶಿಷ್ಯರಿಗೆ ಹೇಳುತ್ತಿದ್ದ ಕಥೆ ಇದು. ಒಂದು ಸ್ವರ ತಪ್ಪಿದ್ದಕ್ಕೆ ಜೀವವೇ ಹೋದಂತಹ ದಂಡ ನಮ್ಮ ಪತ್ರಿಕಾ ಕಚೇರಿಗಳಲ್ಲಿ ಸದ್ಯಕ್ಕೆ ಇಲ್ಲ.

ಇನ್ನು ಕನ್ನಡಕ್ಕೆ ಬರೋಣ. ಕನ್ನಡ ಆ ಬಗೆಯ ಭಾಷೆಯಲ್ಲ. ‘ಮರ’ ಎಂಬುದನ್ನು ಏರಿಸಿ ಹೇಳಿದರೂ ಇಳಿಸಿ ಹೇಳಿದರೂ ಅದು ಮರವೇ. ನಾವು ಅರ್ಥವನ್ನು ಅಳೆಯುವುದು ಕಾಲದಿಂದ, ಅಂದರೆ ಉಚ್ಚಾರಕ್ಕೆ ಹಿಡಿಯುವ ಹೊತ್ತಿನಿಂದ. ಅಳು ಎಂದರೆ ಕಣ್ಣೀರು, ಆಳು ಎಂದರೆ ಕೂಲಿಯವನು. ನಡು ಎಂದರೆ ಸೊಂಟ, ನಾಡು ಎಂದರೆ ದೇಶ. ಕೊಡು ಎಂದರೆ ಕೈಚಾಚಬೇಕು, ಕೋಡು ಎಂದರೆ ದೂರ ಸರಿಯಬೇಕು. ಹೊಲದಲ್ಲಿದ್ದಾಗ ಬೆಳೆ, ಒಡೆದು ಡಬ್ಬಿಗೆ ಹಾಕಿದಾಗ ಬೇಳೆ. ಒಂದು ಮಾತ್ರೆಯ ವ್ಯತ್ಯಾಸ ಅಷ್ಟೆ. ನಮ್ಮ ವ್ಯಾಕರಣಗಳು ಹ್ರಸ್ವ, ದೀರ್ಘಗಳ ಆಚೆಗೆ ಪ್ಲುತ ಎಂಬ ಮೂರು ಮಾತ್ರೆಯ ಸ್ವರವನ್ನೂ ಹೇಳುತ್ತವೆ. ದೂರದಲ್ಲಿರುವವರನ್ನು ಕೂಗುವಾಗ ಬರುವ ಸ್ವರ ಅದು. ಮಾನ್ವಿ ಕಡೆಯ ಗದ್ದೆಯಲ್ಲಿ ಒಂದು ಬದುವಿನಿಂದ ಇನ್ನೊಂದು ಬದುವಿಗೆ ‘ಯಣ್ಣಾ’ ಎಂದು ಕೂಗಿದ್ದನ್ನು ಕೇಳಿದವರಿಗೆ ಪ್ಲುತಕ್ಕೆ ಮೂರು ಮಾತ್ರೆ ಸಾಲದು ಎನಿಸಿದರೆ ಆಶ್ಚರ್ಯವಿಲ್ಲ.

ಹಾಗೆಂದು ದನಿಯ ಏರಿಳಿತ ನಮ್ಮಲ್ಲಿ ಕೆಲಸ ಮಾಡುವುದೇ ಇಲ್ಲ ಎನ್ನುವಂತಿಲ್ಲ. ‘ಹೂಂ’ ಎಂಬ ಒಂದು ಹುಂಕಾರವನ್ನು ತೆಗೆದುಕೊಳ್ಳಿ. ದನಿ ಇಳಿಸಿದರೆ ಒಪ್ಪಿಗೆ. ಏರಿಸಿದರೆ ‘ಏನಂದೆ?’ ಎಂಬ ಪ್ರಶ್ನೆ. ಎಳೆದು ತೂಗಿದರೆ ಅನುಮಾನ. ಕಥೆ ಕೇಳುವ ಮಗು ನಡುನಡುವೆ ಹಾಕುವುದು ಇನ್ನೊಂದೇ ‘ಹೂಂ’, ಮುಂದುವರಿಸು ಎಂಬ ಅಪ್ಪಣೆ ಅದು. ಎರಡು ತುಂಡು ಮಾಡಿ ‘ಊಹೂಂ’ ಎಂದರೆ ಸುತರಾಂ ಇಲ್ಲ. ಬಾಯಿ ತೆರೆಯದೆಯೇ, ತುಟಿ ಮುಚ್ಚಿಕೊಂಡೇ ಇಷ್ಟೂ ಅರ್ಥ ಹೇಳಬಹುದು. ಆದರೆ ಭಾಷಾವಿಜ್ಞಾನಿಗಳು ಇದನ್ನೂ ಎಡೊ ಭಾಷೆಯ ಏರಿಳಿತವನ್ನೂ ಬೇರೆಬೇರೆಯಾಗಿ ನೋಡುತ್ತಾರೆ. ಅಲ್ಲಿ ಏರಿಳಿತ ಪದದ ಸ್ವತ್ತು. ಪದ ಎಲ್ಲಿಗೆ ಹೋದರೂ ಅದು ಜೊತೆಗಿರುತ್ತದೆ. ನಮ್ಮಲ್ಲಿ ಅದು ವಾಕ್ಯದ ಸ್ವತ್ತು. ಆಡುವವನ ಭಾವ, ಉದ್ದೇಶಗಳ ಸ್ವತ್ತು.

ರಾಯಚೂರಿನ ಮಾತು ಈ ಎರಡರ ನಡುವಿನ ಗೆರೆಯ ಮೇಲೆ ಕಾಲಿಟ್ಟು ನಿಂತಿದೆ ಎಂಬುದು ನನಗೆ ಆ ಸಂಜೆಯ ‘ಬಂದಾರ’ದಿಂದ ಹೊಳೆಯಿತು. ಪುಸ್ತಕದ ಕನ್ನಡದಲ್ಲಿ ‘ಬಂದಿದ್ದಾರೆ’ ಎಂಬುದು ಎಕಾರದಲ್ಲಿ ಮುಗಿಯುತ್ತದೆ. ಪ್ರಶ್ನೆಯಾದರೆ ‘ಬಂದಿದ್ದಾರಾ’ ಅಥವಾ ‘ಬಂದಿದ್ದಾರೆಯೇ’. ಅಲ್ಲಿ ಸ್ವರವೇ ಬೇರೆಯಾಗುವುದರಿಂದ ಗೊಂದಲವಿಲ್ಲ. ಇಲ್ಲಿ ಹಾಗಲ್ಲ. ಹೇಳಿಕೆಯೇ ಅಕಾರದಲ್ಲಿ ಮುಗಿಯುತ್ತದೆ: ಬಂದಾರ, ಹೋಗ್ಯಾನ, ಮಾಡ್ಯಾಳ. ಪ್ರಶ್ನೆಗೆ ಉಳಿಯುವುದು ಅದೇ ಅಕಾರದ ಎಳೆತ, ಜೊತೆಗೆ ಕೊಂಚ ಏರಿದ ದನಿ. ಗಟ್ಟಿಯಾಗಿ ಕೇಳಬೇಕೆಂದರೆ ‘ಬಂದಾರೇನು’, ‘ಬಂದಾರೇನ್ರಿ’ ಎಂದು ಹೇಳುವ ದಾರಿ ಇದ್ದೇ ಇದೆ. ಅವಸರದಲ್ಲಿ ಎಳೆತವೇ ಸಾಕು. ಗಡಿಯಾಚೆಯ ತೆಲುಗಿನಲ್ಲೂ ಪ್ರಶ್ನೆ ಹುಟ್ಟುವುದು ಕೊನೆಯ ಸ್ವರ ಎಳೆದಾಗಲೇ. ‘ವಚ್ಚಾಡು’ ಎಂದರೆ ಬಂದ, ‘ವಚ್ಚಾಡಾ’ ಎಂದರೆ ಬಂದನೇ. ಎರಡೂ ಭಾಷೆ ಆಡುವ ಮನೆಗಳು ರಾಯಚೂರು ನಗರದಲ್ಲಿ ಸಾಕಷ್ಟಿವೆ. ಆ ಮನೆಗಳ ಕಿವಿಗೆ ಇದರಲ್ಲಿ ವಿಶೇಷವೇನೂ ಇಲ್ಲ.

ಮೈಸೂರಿನ ಸಹೋದ್ಯೋಗಿ ಎಡವಿದ್ದು ಇನ್ನೊಂದು ಕಡೆ. ಅವರ ಕನ್ನಡದಲ್ಲಿ ‘ಬಂದಾರು’, ‘ಬಂದಾನು’ ಎಂದರೆ ಸಂಭಾವನೆ, ಬಂದರೂ ಬರಬಹುದು ಎಂಬ ಊಹೆ. ರಾಯಚೂರಿನಲ್ಲಿ ‘ಬಂದಾನ’ ಎಂದರೆ ಬಂದು ಕುಳಿತಿದ್ದಾನೆ, ಚಹಾ ಕುಡಿಯುತ್ತಿದ್ದಾನೆ. ನಡುವೆ ಇರುವುದು ಒಂದು ಉಕಾರ. ಎಡೊ ಮಾತಿನವನು ದನಿ ಏರಿಳಿಸಿ ಹೇಳುವ ಕಾಲಭೇದವನ್ನು ಇಲ್ಲಿ ಪದದ ಕೊನೆಯ ಸ್ವರವೊಂದೇ ಹೊತ್ತು ನಿಂತಿದೆ. ಮಾತಿನ ಓಟದಲ್ಲಿ ಮೊದಲು ಸವೆಯುವುದೂ ಅದೇ ಸ್ವರ.

ಆದರೆ ಇದಕ್ಕಿಂತ ಸ್ವಾರಸ್ಯಕರವಾದದ್ದು ಪದದ ಒಳಗೆ ಇದೆ. ಅದಕ್ಕೆ ಮೊದಲು ಎಲ್ಲರೂ ಬಲ್ಲ ಒಂದು ಸಂಗತಿ ಹೇಳಬೇಕು. ಉತ್ತರ ಕರ್ನಾಟಕದ ಮಾತಿನಲ್ಲಿ ಪದದ ಕೊನೆಯ ಎಕಾರ ಇಕಾರವಾಗುತ್ತದೆ. ಮನೆ ಮನಿಯಾಗುತ್ತದೆ, ಕೆರೆ ಕೆರಿ, ತಲೆ ತಲಿ, ಕುದುರೆ ಕುದುರಿ. ಹೀಗಾದಾಗ ಎರಡು ಪದ ಒಂದಾಗಿಬಿಡುವ ಅಪಾಯ ಇದೆ. ಕರೆ ಎಂಬುದೂ ಕರಿ, ಕಪ್ಪು ಬಣ್ಣವೂ ಕರಿ, ಎಣ್ಣೆಯಲ್ಲಿ ಹಾಕಿ ತೆಗೆಯುವುದೂ ಕರಿ. ಬಳೆಯೂ ಬಳಿ, ಹತ್ತಿರವೂ ಬಳಿ. ಇವುಗಳಲ್ಲಿ ಸಂದರ್ಭ ನೋಡಿಯೇ ಅರ್ಥ ಹಿಡಿಯಬೇಕು. ಬಳೆಗಾರ ಬಂದಾಗ ಬಳಿ ಎಂದರೆ ಯಾವುದೆಂದು ಯಾರೂ ಕೇಳುವುದಿಲ್ಲ.

ಈಗ ಬೇಳೆಯನ್ನು ನೋಡಿ. ರಾಯಚೂರಿನ ಕಿರಾಣಿ ಅಂಗಡಿಯಲ್ಲಿ ಅದು ಬೇಳಿ ಅಲ್ಲ, ಬ್ಯಾಳಿ. ತೊಗರಿ ಬ್ಯಾಳಿ, ಹೆಸರು ಬ್ಯಾಳಿ. ಹಾಗೆಯೇ ಬೇಡ ಎಂಬುದು ಬ್ಯಾಡ, ಮೇಲೆ ಎಂಬುದು ಮ್ಯಾಲ, ಬೇಸಗೆ ಬ್ಯಾಸಗಿ, ಬೇನೆ ಬ್ಯಾನಿ, ಹೇಗೆ ಎಂಬುದು ಹ್ಯಾಂಗ. ದೇವರು ದ್ಯಾವರಾಗುತ್ತಾನೆ. ಹಳ್ಳಿಯ ಹಿರಿಯರ ಬಾಯಲ್ಲಿ ದೇವದುರ್ಗವೂ ದ್ಯಾವದುರ್ಗವಾಗುವುದುಂಟು. ಹಾಗಾದರೆ ಏಕಾರವೆಲ್ಲ ಬಾಯಿ ಅಗಲಿಸಿ ‘ಯಾ’ ಆಗಬೇಕಲ್ಲ? ಆಗುವುದಿಲ್ಲ. ಬೇಲಿ ಬೇಲಿಯೇ, ಕೇರಿ ಕೇರಿಯೇ. ತೇರು, ಬೇವು, ಸೇರು, ನೇಗಿಲು ಇವು ಯಾವುವೂ ಬದಲಾಗುವುದಿಲ್ಲ. ದ್ಯಾವರ ಪಕ್ಕದಲ್ಲೇ ಇರುವ ದೇವಿ ದ್ಯಾವಿ ಆಗುವುದಿಲ್ಲ.

ಇದು ಬಾಯಿಗೆ ಬಂದಂತೆ ಆಡುವ ಮಾತಲ್ಲ. ಇದರ ಹಿಂದೆ ಕಟ್ಟುನಿಟ್ಟಾದ ನಿಯಮವಿದೆ. ಏಕಾರದ ಮುಂದಿನ ಅಕ್ಷರದಲ್ಲಿ ಇಕಾರವೋ ಉಕಾರವೋ ಇದ್ದರೆ ನಾಲಿಗೆ ಮೇಲಕ್ಕೆ ಏಳಲು ಮೊದಲೇ ಸಿದ್ಧವಾಗುತ್ತದೆ. ಏಕಾರ ಬಿಗಿಯಾಗಿಯೇ ಉಳಿಯುತ್ತದೆ. ಮುಂದೆ ಅಕಾರ, ಎಕಾರಗಳಿದ್ದರೆ ನಾಲಿಗೆ ಕೆಳಗಿಳಿಯುತ್ತದೆ. ಏಕಾರ ಅಗಲವಾಗಿ ‘ಯಾ’ ಎಂದು ಕೇಳಿಸುತ್ತದೆ. ಬೇಲಿಯಲ್ಲಿ ಮುಂದೆ ಇ, ತೇರಿನಲ್ಲಿ ಮುಂದೆ ಉ, ಆದ್ದರಿಂದ ಬದಲಾವಣೆ ಇಲ್ಲ. ಬೇಡದಲ್ಲಿ ಮುಂದೆ ಅ, ಆದ್ದರಿಂದ ಬ್ಯಾಡ. ಕೆಲವು ಕ್ರಿಯಾಪದಗಳು ಈ ನಿಯಮಕ್ಕೆ ಬಗ್ಗುವುದಿಲ್ಲ. ಹೇಳು, ಕೇಳು ಎಂಬವು ಯಾವ ರೂಪದಲ್ಲಿ ಬಂದರೂ ಬಹುಮಟ್ಟಿಗೆ ಏಕಾರವನ್ನೇ ಉಳಿಸಿಕೊಳ್ಳುತ್ತವೆ. ಅದನ್ನು ಬದಿಗಿಟ್ಟರೆ ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಈ ನಿಯಮವನ್ನು ತಪ್ಪುವುದಿಲ್ಲ.

ಆದರೆ ಬ್ಯಾಳಿಯಲ್ಲಿ ಮುಂದಿರುವುದು ಇಕಾರ! ನಿಯಮದಂತೆ ಅದು ಬೇಳಿ ಎಂದಿರಬೇಕಿತ್ತು. ಇಲ್ಲೇ ಇರುವುದು ಗುಟ್ಟು. ಆ ಇಕಾರ ಮೊದಲು ಎಕಾರವಾಗಿತ್ತು. ಬೇಳೆ ಎಂದಿದ್ದ ಕಾಲದಲ್ಲೇ ಮುಂದಿನ ಎಕಾರದ ಪ್ರಭಾವಕ್ಕೆ ಸಿಕ್ಕು ಬ್ಯಾಳೆ ಆಯಿತು. ಆಮೇಲೆ ಎಕಾರ ಇಕಾರಕ್ಕೆ ತಿರುಗಿ ಬ್ಯಾಳಿ ಆಯಿತು. ಕೊನೆಯ ಎಕಾರ ಹೋಯಿತು, ಹೋಗುವ ಮುನ್ನ ಹಿಂದಿನ ಅಕ್ಷರದಲ್ಲಿ ತನ್ನ ಗುರುತು ಒತ್ತಿ ಹೋಯಿತು. ಪಂಜಾಬಿಯ ಕುದುರೆ ಮಹಾಪ್ರಾಣವನ್ನು ಕಳೆದುಕೊಂಡು ದನಿಯ ತಗ್ಗನ್ನು ಉಳಿಸಿಕೊಂಡಿತಲ್ಲ, ಹಾಗೆ. ಮಂಡ್ಯ, ಮೈಸೂರು ಕಡೆಯ ಹಳ್ಳಿಗಳಲ್ಲೂ ಬ್ಯಾಡ, ಮ್ಯಾಲೆ, ದ್ಯಾವ್ರು ಕೇಳಿಸುತ್ತವೆ ನಿಜ. ಅಲ್ಲಿ ಕೊನೆಯ ಎಕಾರ ಇನ್ನೂ ಜಾಗದಲ್ಲೇ ಇರುವುದರಿಂದ ಮುಂದಿನ ಅಕ್ಷರ ನೋಡಿಯೇ ಹಿಂದಿನದನ್ನು ಊಹಿಸಬಹುದು. ಇಲ್ಲಿ ಊಹಿಸುವಂತಿಲ್ಲ. ಅಗಲವಾದ ಆ ಸ್ವರವೇ ಈಗ ಅರ್ಥವನ್ನು ಹೊತ್ತಿದೆ. ‘ಭೇಟಿ ಆಗಿ ಬರ್ತೀನಿ’ ಎಂದರೆ ಯಾರನ್ನೋ ಕಂಡು ಬರುತ್ತೇನೆ. ‘ಬ್ಯಾಟಿ ಆಡಿ ಬರ್ತೀನಿ’ ಎಂದರೆ ಬೇಟೆಗೆ ಹೊರಟಿದ್ದಾನೆ. ಮನೆಯೊಳಗೆ ಉರ್ದು ಆಡುವವರು ಮಗಳನ್ನು ‘ಬೇಟಿ’ ಎನ್ನುತ್ತಾರೆ. ಮಗಳು, ಭೇಟಿ, ಬೇಟೆ ಈ ಮೂರೂ ಒಂದೇ ಓಣಿಯಲ್ಲಿ ಓಡಾಡುತ್ತವೆ. ಒಂದಕ್ಕೊಂದು ಡಿಕ್ಕಿ ಹೊಡೆದದ್ದನ್ನು ನಾನು ಕಂಡಿಲ್ಲ.

‘ಬ್ಯಾ’ ಎಂದು ಬರೆದಾದರೂ ಇದನ್ನು ಕಾಗದಕ್ಕೆ ಇಳಿಸಬಹುದು. ಹ್ರಸ್ವಗಳಿಗೆ ಆ ಅವಕಾಶವೂ ಇಲ್ಲ. ದೇವರು ಒಲಿಯುವುದನ್ನು ‘ಒಲಿ’ ಎನ್ನುತ್ತೇವೆ. ಅಡುಗೆಯ ಒಲೆಯೂ ಇಲ್ಲಿ ‘ಒಲಿ’ಯೇ. ಬರೆದರೆ ಒಂದೇ. ‘ದೇವಿ ಒಲಿದಾಳ’ ಎಂದು ಹೇಳಿಸಿ, ‘ಒಲಿ ಹಚ್ಚು’ ಎಂದು ಹೇಳಿಸಿ ಕಿವಿಗೊಟ್ಟು ಕೇಳಿದರೆ ಒಲೆಯ ಒಕಾರ ತುಸು ಅಗಲ, ಒಲವಿನ ಒಕಾರ ತುಸು ದುಂಡಗೆ. ನನ್ನ ಕಿವಿಗೆ ಇದು ಮೊದಲ ಸಲ ದಕ್ಕಿದ್ದು ಮಾನ್ವಿಗೆ ಹೋಗುವ ಬಸ್ಸಿನಲ್ಲಿ. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಹೊಸ ಗ್ಯಾಸ್ ಒಲೆಯ ಬಗ್ಗೆಯೂ ದೇವಿಯ ಜಾತ್ರೆಯ ಬಗ್ಗೆಯೂ ಒಂದೇ ಉಸಿರಿನಲ್ಲಿ ಮಾತನಾಡುತ್ತಿದ್ದರು.

ಬರೆದಂತೆ ಓದು, ಓದಿದಂತೆ ಬರೆ ಎಂಬುದು ನಮ್ಮ ಲಿಪಿಯ ಬಗ್ಗೆ ನಾವು ಹೇಳಿಕೊಳ್ಳುವ ಹೆಮ್ಮೆಯ ಮಾತು. ಇಂಗ್ಲಿಷಿನ ಕಾಗುಣಿತದೊಡನೆ ಹೋಲಿಸಿದರೆ ಹೆಮ್ಮೆಗೆ ಕಾರಣವೂ ಇದೆ. ಆದರೆ ಲಿಪಿ ಎಂದೂ ಮಾತಿನ ಪೂರ್ತಿ ನಕಲಾಗಿರಲಿಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರು ಪತ್ತೆ ಹಚ್ಚಿದ ಶಾಸನ ‘ದೇವಾನಾಂಪ್ರಿಯ’ನೆಂಬ ಅರಸ ಅಶೋಕನೇ ಎಂದು ಹೆಸರಿಟ್ಟು ಸಾರಿದ್ದಕ್ಕೆ ಪ್ರಸಿದ್ಧ. ಅದರ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅಶೋಕನ ಬ್ರಾಹ್ಮಿಯಲ್ಲಿ ಒತ್ತಕ್ಷರದ ದ್ವಿತ್ವ ಬರೆಯುವ ಪದ್ಧತಿ ಇರಲಿಲ್ಲ. ಆ ಲೆಕ್ಕದಲ್ಲಿ ಕನ್ನಡ ಬರೆದಿದ್ದರೆ ಅಕ್ಕ ‘ಅಕ’ ಆಗುತ್ತಿದ್ದಳು, ಹಳ್ಳ ‘ಹಳ’ ಆಗುತ್ತಿತ್ತು. ಉಳಿದದ್ದನ್ನು ಓದುವವನು ತುಂಬಿಕೊಳ್ಳಬೇಕಿತ್ತು.

ಅಷ್ಟು ಹಿಂದಕ್ಕೂ ಹೋಗಬೇಕಿಲ್ಲ. ಇಂದು ನಾವು ಬರೆಯುವ ಎ ಮತ್ತು ಏ, ಒ ಮತ್ತು ಓ ಎಂಬ ಭೇದ ಹಳೆಯ ತಾಳೆಗರಿಗಳಲ್ಲಿ ಇರಲಿಲ್ಲ. ಅದರ ದೀರ್ಘದ ಗುರುತು ನೆಲೆಗೊಂಡದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಅಚ್ಚಿನ ಕಾಲದಲ್ಲಿ. ಅಂದರೆ ತಾಳೆಗರಿಯಲ್ಲಿ ಬೆಳೆಯೂ ಬೇಳೆಯೂ ಒಂದೇ ಬಗೆಯಲ್ಲಿ ಇರುತ್ತಿದ್ದವು. ಕೊಡು, ಕೋಡುಗಳೂ ಅಷ್ಟೆ. ಹಾಗಾದರೆ ಓದುತ್ತಿದ್ದುದು ಹೇಗೆ?

ಇದಕ್ಕೆ ಉತ್ತರ ಹೇಳಬಲ್ಲ ಪರಂಪರೆ ಈ ಸೀಮೆಯಲ್ಲೇ ಇದೆ. ರಾಯಚೂರು ದಾಸಸಾಹಿತ್ಯದ ತವರು. ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರವಿಯವರು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರು ಹುಟ್ಟಿದ್ದು ಬ್ಯಾಗವಾಟದಲ್ಲಿ, ನೆಲೆಸಿದ್ದು ಮಾನ್ವಿಯಲ್ಲಿ. ಆ ಗ್ರಂಥ ಇರುವುದು ಭಾಮಿನಿ ಷಟ್ಪದಿಯಲ್ಲಿ. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ಗಣ ಬಂದು ಸಣ್ಣ ಸಾಲಿಗೆ ಒಟ್ಟು ಹದಿನಾಲ್ಕು ಮಾತ್ರೆ. ಬೆಳೆ ಎಂದರೆ ಎರಡು ಮಾತ್ರೆ, ಬೇಳೆ ಎಂದರೆ ಮೂರು. ಗರಿಯಲ್ಲಿ ಹ್ರಸ್ವವೋ ದೀರ್ಘವೋ ತಿಳಿಯದಿದ್ದಾಗ ಹಾಡುವವನ ಬಾಯಿಯೇ ತೂಕಕ್ಕೆ ನಿಲ್ಲುತ್ತಿತ್ತು. ಒಂದು ಮಾತ್ರೆ ಹೆಚ್ಚಾದರೆ ತಾಳ ತಪ್ಪುತ್ತದೆ, ತಾಳ ತಪ್ಪಿದರೆ ಪಕ್ಕದವನು ತಿರುಗಿ ನೋಡುತ್ತಾನೆ. ಅಕ್ಷರ ಕೈಬಿಟ್ಟದ್ದನ್ನು ತಾಳ ಹಿಡಿದಿಟ್ಟುಕೊಂಡಿತ್ತು. ಈ ದಾಸರ ಕೃತಿಗಳನ್ನು ಓದಿ ಉಳಿಸಿದವರಷ್ಟೇ ಹಾಡಿ ಉಳಿಸಿದವರೂ ಇದ್ದಾರೆ. ಅವರಲ್ಲಿ ಅಕ್ಷರ ಬಾರದ ಹೆಂಗಸರು ಕಡಿಮೆಯಿರಲಿಲ್ಲ.

ಮಾತಿಗೆ ಇನ್ನೊಂದು ಪದರವನ್ನು ಕೂಡಿಸಿದ್ದು ನಿಜಾಮರ ಆಡಳಿತ. 1948ರ ಸೆಪ್ಟೆಂಬರ್‌ವರೆಗೆ ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು, ಮೇಲಿನ ತರಗತಿಗಳ ಪಾಠವೂ ಉರ್ದುವಿನಲ್ಲೇ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಜರೂರು, ಹಾಜರಿ, ನಜರು, ತಕರಾರುಗಳು ಮನೆಯ ಮಾತಾಗಿದ್ದವು. ‘ಜರಾ ತಡೀರಿ’ ಎನ್ನುವವರ ಬಾಯಲ್ಲಿ ಆ ‘ಜ’ ಹಲವು ಸಲ ಹಲ್ಲಿನ ಸಂದಿಯಿಂದ ಸೀಟಿಯಂತೆ ಬರುತ್ತದೆ. ನಮ್ಮ ಅಕ್ಷರಮಾಲೆಯಲ್ಲಿ ಅದಕ್ಕೆ ಮನೆಯಿಲ್ಲ. ಅಡಿಯಲ್ಲಿ ಚುಕ್ಕೆ ಹಾಕುವ ಉಪಾಯವಿದ್ದರೂ ಪತ್ರಿಕೆಗಳಲ್ಲಿ ಅದು ಕಾಣುವುದು ಅಪರೂಪ. ಹಾಗೆ ಬರೆದಾಗ ಸಂಸ್ಕೃತದ ಮುಪ್ಪು ಮತ್ತು ಉರ್ದುವಿನ ‘ಸ್ವಲ್ಪ’ ಎರಡೂ ‘ಜರಾ’ ಆಗಿ ಒಂದೇ ಅಂಗಿ ತೊಟ್ಟು ನಿಲ್ಲುತ್ತವೆ.

ಇಷ್ಟೆಲ್ಲ ಇದ್ದರೂ ನಿಘಂಟು ತೆರೆದರೆ ಬ್ಯಾಳಿಯ ಅಗಲ ಸ್ವರದ ಬಗ್ಗೆ ಹೆಚ್ಚೇನೂ ಸಿಗುವುದಿಲ್ಲ. ಕಿಟ್ಟೆಲ್ ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಮುಗಿದದ್ದು 1995ರಲ್ಲಿ. ಎರಡೂ ಮಹಾಕಾರ್ಯಗಳೇ. ಪರಿಷತ್ತಿನ ನಿಘಂಟು ಮುಖ್ಯವಾಗಿ ಶಾಸನ, ಕಾವ್ಯಗಳ ಪ್ರಯೋಗಗಳನ್ನು ನೆಚ್ಚಿದ್ದು. ಉಚ್ಚಾರ ಸೂಚಿಸುವ ಅಗತ್ಯ ಕನ್ನಡಕ್ಕಿಲ್ಲ, ಬರೆದಂತೆ ಓದಿದರಾಯಿತು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಎಡೊ ಭಾಷೆಗೆ ಆ ನಂಬಿಕೆಯ ಸುಖ ಇರಲಿಲ್ಲ. ದನಿ ಗುರುತಿಸದಿದ್ದರೆ ಪದವೇ ಕೈಗೆ ಸಿಗುವುದಿಲ್ಲ. ಆದ್ದರಿಂದ ಅವರ ನಿಘಂಟುಗಳು ಮೊದಲಿಂದಲೇ ಕಿವಿಯನ್ನು ಲೆಕ್ಕಕ್ಕೆ ತೆಗೆದುಕೊಂಡವು. ಕನ್ನಡದ ಉಪಭಾಷೆಗಳನ್ನು ಕಿವಿಯಿಂದ ಕೇಳಿ ದಾಖಲಿಸುವ ಕೆಲಸವನ್ನು ಪುಣೆಯ ಡೆಕ್ಕನ್ ಕಾಲೇಜು 1960ರ ದಶಕದಲ್ಲಿ ಮಾಡಿಸಿತು. ಕಲಬುರಗಿ ಕನ್ನಡದ ಬಗ್ಗೆ ಪುಸ್ತಕವೂ ಬಂತು. ಅವೆಲ್ಲ ಬಹುಪಾಲು ಇಂಗ್ಲಿಷಿನಲ್ಲಿದ್ದು ಗ್ರಂಥಾಲಯಗಳಲ್ಲೇ ಉಳಿದವು.

ಇದರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ಶಾಲೆಯಲ್ಲಿ ‘ಬ್ಯಾಳಿ’ ಎಂದು ಬರೆದ ಮಗುವಿನ ಉತ್ತರಕ್ಕೆ ಕೆಂಪು ಗೆರೆ ಬೀಳುತ್ತದೆ. ಪುಸ್ತಕದ ರೂಪ ಕಲಿಸುವುದು ಶಿಕ್ಷಕರ ಕೆಲಸ, ಅದಕ್ಕೆ ತಕರಾರಿಲ್ಲ. ಗೆರೆಯ ಪಕ್ಕದಲ್ಲಿ ‘ಅಶುದ್ಧ’ ಎಂದು ಬರೆದಾಗ ಮಾತ್ರ ತಕರಾರಿದೆ. ಅಷ್ಟು ನಿಯಮಬದ್ಧವಾಗಿ ನುಡಿಯುವ ಮಗುವಿಗೆ ನಿನ್ನ ಮನೆಯಲ್ಲಿ ನಿಯಮವೇ ಇಲ್ಲ ಎಂದು ಹೇಳಿದಂತಾಗುತ್ತದೆ. ಇನ್ನೊಂದು ಕಡೆ ಇದು ಇನ್ನೂ ಗಂಭೀರ. ಠಾಣೆಯಲ್ಲಿ, ಕಚೇರಿಯಲ್ಲಿ, ನ್ಯಾಯಾಲಯದಲ್ಲಿ ಹಳ್ಳಿಯವರು ಬಾಯಲ್ಲಿ ಹೇಳಿದ್ದನ್ನು ಇನ್ನೊಬ್ಬರು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಬರೆದುಕೊಳ್ಳುತ್ತಾರೆ. ‘ಅಂವ ಆ ಹೊತ್ತಿಗೆ ಮನ್ಯಾಗ ಬಂದಾನ’ ಎಂದು ಒಬ್ಬಾಕೆ ಹೇಳಿದಳು ಎನ್ನಿ. ಬರೆಯುವವರು ಬೇರೆ ಸೀಮೆಯಿಂದ ವರ್ಗವಾಗಿ ಬಂದವರು ಎನ್ನಿ. ಅದು ‘ಬಂದಿದ್ದಾನೆ’ ಎಂದಾಗಬೇಕು. ‘ಬಂದಾನು’ ಎಂದು ಕೇಳಿಸಿತೋ, ಕಣ್ಣಾರೆ ಕಂಡ ಸಾಕ್ಷಿ ಊಹೆಯ ಮಾತಾಗುತ್ತದೆ. ಹಾಗೆ ಆಗಿದೆ ಎಂದು ನಾನು ಹೇಳುತ್ತಿಲ್ಲ. ಆಗಲು ಒಂದು ಉಕಾರ ಸಾಕು ಎನ್ನುತ್ತಿದ್ದೇನೆ. ನನ್ನದೇ ಸುದ್ದಿಯಲ್ಲಿ ಆಗುವುದರಲ್ಲಿತ್ತಲ್ಲ.

ಪತ್ರಿಕೆಯವರೂ ಇದರಲ್ಲಿ ಪಾಲುದಾರರೇ. ರೈತರೊಬ್ಬರು ಆಡಿದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕುವಾಗ ನಾವು ಅದನ್ನು ‘ತಿದ್ದಿ’ ಹಾಕುತ್ತೇವೆ. ಮರುದಿನ ಅವರು ಓದಿ, ‘ನಾನಿಂಗ ಅಂದಿಲ್ಲಲ್ರೀ’ ಎನ್ನುತ್ತಾರೆ. ಅರ್ಥ ಅದೇ ಅಲ್ಲವೇ ಎಂದು ನಾವು ಸಮಾಧಾನ ಹೇಳುತ್ತೇವೆ. ಅವರು ‘ಹೂಂ’ ಎನ್ನುತ್ತಾರೆ. ಯಾವ ‘ಹೂಂ’ ಎಂದು ಕಿವಿಗೊಟ್ಟು ಕೇಳಿದವರಿಗೆ ಗೊತ್ತಾಗುತ್ತದೆ.

ಆ ಸಂಜೆಯ ಸುದ್ದಿಯ ಮೊದಲ ಸಾಲನ್ನು ಅಳಿಸಿ ಹಾಕಿದೆ. ರಾತ್ರಿ ಒಂಬತ್ತರ ಸುಮಾರಿಗೆ ದೇವದುರ್ಗದಿಂದ ಮತ್ತೊಂದು ಸಂದೇಶ ಬಂತು. ‘ರೈತರು ಎದ್ದಾರ’. ಈ ಸಲ ನಾನು ಏನನ್ನೂ ಬರೆಯಲಿಲ್ಲ, ಫೋನ್ ಹಚ್ಚಿದೆ.